ಗೆಳೆಯರ ಹತ್ತಿರ ಸಾಲ ಕೇಳುವ ಮೊದಲು ಕಂತಿನ ಲೆಕ್ಕ ಹಾಕಿ

ಗೆಳೆಯರ ಹತ್ತಿರ ದುಡ್ಡು ಕೇಳುವುದು ಕಷ್ಟ. ಕೊಟ್ಟವರಿಗೆ ಅದನ್ನು ವಾಪಸ್ ಕೇಳುವುದು ಇನ್ನೂ ಕಷ್ಟ. ಆ ಕಷ್ಟ ಅವರಿಗೆ ಬಾರದ ಹಾಗೆ ನೋಡಿಕೊಳ್ಳುವುದು ಸಾಲ ತಗೊಳ್ಳುವವರ ಕೆಲಸ. ಯಾವಾಗ ಕೊಡ್ತೀನಿ, ಎಷ್ಟೆಷ್ಟು ಕೊಡ್ತೀನಿ ಅನ್ನುವ ಮಾತು ನಿಮ್ಮ ಬಾಯಿಂದಲೇ ಬರಬೇಕು. ಅದೂ ದುಡ್ಡು ಕೈಗೆ ಬರುವ ಮೊದಲೇ.

ನನಗಿದು ತಡವಾಗಿ ಗೊತ್ತಾಯಿತು. ಒಮ್ಮೆ ಗೆಳತಿಯೊಬ್ಬಳಿಂದ ಕೈಸಾಲ ತಗೊಂಡಿದ್ದೆ. 'ಅನುಕೂಲ ಆದಾಗ ಕೊಡು' ಅಂದಳು. ನಾನು ಸುಮ್ನೆ ತಲೆಯಾಡಿಸಿದೆ. ನಾಲ್ಕು ತಿಂಗಳು ಕಳೆದರೂ ಆ ಅನುಕೂಲ ಬರಲೇ ಇಲ್ಲ. ಒಂದು ಸಂಜೆ ಅವಳ ಫೋನ್ ಬಂತು. ಮೇಜಿನ ಮೇಲೆ ಫೋನು ಗುರುಗುಟ್ಟುತ್ತಾ ಅಂಚಿನ ಕಡೆಗೆ ಸರಿಯುತ್ತಿತ್ತು. ನಾನು ನೋಡುತ್ತಾ ಕೂತೆ, ಎತ್ತಲಿಲ್ಲ. ಅವಳು ದುಡ್ಡಿಗಾಗಿ ಫೋನ್ ಮಾಡಿರಲಿಲ್ಲ. ಜ್ವರ ಬಂದು ಮಲಗಿದ್ದಳು, ಯಾರಾದರೂ ಒಂದಿಷ್ಟು ಹೊತ್ತು ಮಾತಾಡಲಿ ಅನ್ನಿಸಿತ್ತಂತೆ. ಆ ಸಂಜೆ ನೆನಪಾದರೆ ಈಗಲೂ ಚುರುಕ್ ಅನ್ನುತ್ತದೆ.

ಮೊದಲು ಕಂತು, ಆಮೇಲೆ ಮೊತ್ತ

ಎಷ್ಟು ಬೇಕು ಅಂತ ಎಲ್ಲರೂ ಮೊದಲೇ ಯೋಚಿಸುತ್ತಾರೆ. ತಿಂಗಳಿಗೆ ಎಷ್ಟು ಕೊಡಲು ಆಗುತ್ತದೆ ಅನ್ನುವುದು ಆಮೇಲೆ ಹೊಳೆಯುತ್ತದೆ. ಇದನ್ನು ತಿರುಗಿಸಿ. ಹಿಂದಿನ ಮೂರು ತಿಂಗಳ ಬ್ಯಾಂಕ್ ಲೆಕ್ಕ ತೆಗೆದು ನೋಡಿ. ಎಲ್ಲ ಖರ್ಚು ಕಳೆದು 9,000, 4,000, 6,500 ಹೀಗೆ ಉಳಿದಿದೆ ಅಂದುಕೊಳ್ಳಿ. ಸರಾಸರಿ 6,500 ಬರುತ್ತದೆ, ಆದರೆ ಅದನ್ನು ನಂಬಬೇಡಿ. ತೀರಾ ಬಿಗಿಯಾಗಿದ್ದ ತಿಂಗಳಲ್ಲಿ ಉಳಿದ 4,000ವನ್ನೇ ಹಿಡಿಯಿರಿ. ಅದರಲ್ಲೂ ಒಂದು ಸಾವಿರ ಆಪತ್ತಿಗೆ ಅಂತ ಬಿಟ್ಟು 3,000 ಕಂತು ಇಟ್ಟುಕೊಳ್ಳಿ. 60,000 ಸಾಲವಾದರೆ 20 ತಿಂಗಳು ಬೇಕು. ಇಷ್ಟು ದಿನವಾ ಅನ್ನಿಸಬಹುದು. ಆದರೆ 'ಆರು ತಿಂಗಳಲ್ಲಿ ಕೊಡ್ತೀನಿ' ಅಂತ ಹೇಳಿ ಎರಡನೇ ಕಂತಿಗೇ ತಡವರಿಸುವುದಕ್ಕಿಂತ ಇದೇ ಮರ್ಯಾದೆ.

20 ತಿಂಗಳು ತೀರಾ ಜಾಸ್ತಿ ಆಯಿತಾ? ಹಾಗಾದರೆ ಕಂತು ಏರಿಸಬೇಡಿ, ಕೇಳುವ ಮೊತ್ತ ಇಳಿಸಿ.

ಬೇಡ ಅನ್ನಲು ಅವರಿಗೆ ಜಾಗ ಬಿಡಿ

ನಾಲ್ಕು ಜನರ ಮುಂದೆ ಕೇಳಬೇಡಿ. ಎದುರಿಗೆ ಕೂತು ಆಗಲೇ ಉತ್ತರ ಬೇಕು ಅಂತಲೂ ಒತ್ತಾಯಿಸಬೇಡಿ. ಯಾಕೆ ಬೇಕು, ಎಷ್ಟು ಬೇಕು, ಹೇಗೆ ತೀರಿಸುತ್ತೀರಿ, ಬೇರೆ ಯಾರಿಗಾದರೂ ಬಾಕಿ ಇದೆಯಾ, ಎಲ್ಲವನ್ನೂ ನೇರವಾಗಿ ಹೇಳಿ, 'ಎರಡು ದಿನ ಯೋಚನೆ ಮಾಡಿ ಹೇಳು' ಅನ್ನಿ. ಅವರು ಆಗಲ್ಲ ಅಂದರೆ ಕಾರಣ ಕೆದಕಬೇಡಿ. ಆ ದುಡ್ಡು ನಾಲ್ಕು ತಿಂಗಳು ತಡವಾಗಿ ಬಂದರೆ ಅವರ ಬಾಡಿಗೆಗೋ ಮಕ್ಕಳ ಫೀಸಿಗೋ ತೊಂದರೆ ಆಗುತ್ತದಾ ಅಂತ ಕೇಳಿ. ಆಗುತ್ತದೆ ಅಂದರೆ ಅವರು ಕೊಡುತ್ತೇನೆ ಅಂದರೂ ತಗೊಳ್ಳಬೇಡಿ.

ಬಡ್ಡಿಯ ಮಾತು

ಇದನ್ನು ಎತ್ತಲು ಇಬ್ಬರಿಗೂ ಸಂಕೋಚ. ಆದರೂ ನೀವೇ ಎತ್ತಿ. ಆ ದುಡ್ಡು ಠೇವಣಿಯಲ್ಲಿದ್ದಿದ್ದರೆ ಅವರಿಗೆ ಬಡ್ಡಿ ಬರುತ್ತಿತ್ತು, ಅಲ್ವಾ? ಕನಿಷ್ಠ ಅಷ್ಟಾದರೂ ಕೊಡುವುದು ನ್ಯಾಯ. ಬ್ಯಾಂಕು ಸಾಲಕ್ಕೆ ಹಾಕುವ ಬಡ್ಡಿ ಠೇವಣಿಗೆ ಕೊಡುವ ಬಡ್ಡಿಗಿಂತ ಜಾಸ್ತಿ ಇರುತ್ತದೆ. ಇವೆರಡರ ನಡುವಿನ ಒಂದು ದರಕ್ಕೆ ಒಪ್ಪಿಕೊಂಡರೆ ಇಬ್ಬರಿಗೂ ಲಾಭ.

ದರ ಎಷ್ಟು ಅಂತ ಮಾತ್ರ ಮಾತಾಡಿಕೊಂಡರೆ ಸಾಲದು. ಯಾವುದರ ಮೇಲೆ ಬಡ್ಡಿ ಅನ್ನುವುದೂ ಗೊತ್ತಾಗಬೇಕು. ಮೇಲಿನ 60,000ಕ್ಕೆ ವರ್ಷಕ್ಕೆ 6% ಅಂದರೆ ತಿಂಗಳಿಗೆ ಅರ್ಧ ಪರ್ಸೆಂಟ್. ಅಸಲು ಎಷ್ಟು ತೀರಿದರೂ ಪೂರ್ತಿ 60,000ಕ್ಕೇ ಬಡ್ಡಿ ಹಾಕುತ್ತಾ ಹೋದರೆ ತಿಂಗಳಿಗೆ 300ರಂತೆ 20 ತಿಂಗಳಿಗೆ 6,000 ಆಗುತ್ತದೆ. ಬಾಕಿ ಉಳಿದ ಅಸಲಿಗೆ ಮಾತ್ರ ಹಾಕಿದರೆ ಮೊದಲ ತಿಂಗಳು 300, ಮುಂದಿನ ತಿಂಗಳು 285, ಹೀಗೆ 15 ಇಳಿಯುತ್ತಾ ಕೊನೆಯ ತಿಂಗಳಿಗೆ ಬರೀ 15. ಒಟ್ಟು 3,150. ದರ ಒಂದೇ, ಕೊಡುವ ಬಡ್ಡಿ ಹತ್ತಿರ ಹತ್ತಿರ ಅರ್ಧ. ಎರಡನೆಯದೇ ಸರಿಯಾದ ಲೆಕ್ಕ. ತೀರಿಸಿದ ದುಡ್ಡು ಈಗಾಗಲೇ ಅವರ ಕೈಯಲ್ಲಿದೆ, ಅದಕ್ಕೂ ಬಡ್ಡಿ ಯಾಕೆ?

ಬಡ್ಡಿ ಬೇಡವೇ ಬೇಡ ಅಂದರೆ ಸಂತೋಷದಿಂದ ಒಪ್ಪಿಕೊಳ್ಳಿ. ಬಡ್ಡಿ ಇಲ್ಲ ಅಂದ ಮಾತ್ರಕ್ಕೆ ಗಡುವು ಸಡಿಲ ಆಗಬಾರದು ಅಷ್ಟೇ.

ಒಂದು ಹಾಳೆಯಲ್ಲಿ ಬರೆದಿಡಿ

'ನಮ್ಮ ನಡುವೆ ಬರೆಯೋದೇನು' ಅಂತ ಅವರು ಅಂದೇ ಅನ್ನುತ್ತಾರೆ. 'ನನಗೆ ಮರೆಯಬಾರದು ಅಂತ ಬರೀತಿದ್ದೀನಿ' ಅನ್ನಿ. ಇಬ್ಬರ ಹೆಸರು, ತಾರೀಖು, ಮೊತ್ತ, ಬಡ್ಡಿ, ಕಂತು, ಕೊಡುವ ದಿನ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಎರಡು ಮಾತುಗಳನ್ನು ಜನ ಬರೆಯುವುದಿಲ್ಲ, ಜಗಳ ಶುರುವಾಗುವುದು ಅಲ್ಲಿಂದಲೇ. ಒಂದು, ಅವರಿಗೇ ತುರ್ತು ಬಂದು ದುಡ್ಡು ಬೇಗ ಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಆಗ ಎಷ್ಟು ಕೊಡಲು ನಿಮ್ಮಿಂದ ಆಗುತ್ತದೆ. ಇನ್ನೊಂದು, ನಿಮಗೇನಾದರೂ ಆದರೆ ಸಾಲ ತೀರಿಸುವವರು ಯಾರು. ಅವರಿಗೆ ಈ ಹಾಳೆ ಎಲ್ಲಿದೆ ಅಂತ ತಿಳಿದಿರಲಿ.

ದುಡ್ಡನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಟ್ಟು ತಗೊಳ್ಳಿ. ಕಂತು ಕಟ್ಟಿದ ದಿನ ಒಂದು ಮೆಸೇಜ್ ಹಾಕಿ: 'ಆರನೇ ಕಂತು 3,000, ಬಡ್ಡಿ 225 ಕಳಿಸಿದ್ದೀನಿ. ಅಸಲು ಇನ್ನು 42,000 ಬಾಕಿ.' ಇಷ್ಟು ಸಾಕು. ಅವರು ಲೆಕ್ಕ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಕೇಳಬೇಕಾಗಿಯೂ ಇಲ್ಲ.

ಕಂತು ತಪ್ಪುವ ಹಾಗಿದ್ದರೆ

ಗಡುವು ಮುಗಿದ ಮೇಲೆ ಹೇಳಿದರೆ ಅದು ನೆಪದ ಹಾಗೆ ಕೇಳುತ್ತದೆ. ಒಂದು ವಾರ ಮೊದಲೇ ಫೋನ್ ಮಾಡಿ. 'ಈ ಸಲ 1,000 ಕಳಿಸ್ತೀನಿ, ಉಳಿದ 2,000 ಮುಂದಿನ ತಿಂಗಳು 10ರೊಳಗೆ' ಅಂತ ತಾರೀಖು ಹಾಕಿ ಹೇಳಿ. ಪೂರ್ತಿ ಇಲ್ಲ ಅಂತ ಏನೂ ಕಳಿಸದೆ ಇರಬೇಡಿ. ಮೂರು ಕಂತು ಸಾಲಾಗಿ ಎಳೆದಾಡಿದರೆ ಹಳೆಯ ಒಪ್ಪಂದ ನಡೆಯುತ್ತಿಲ್ಲ ಅಂತ ಅರ್ಥ. ಕೂತು ಕಂತು ಇಳಿಸಿ, ಅವಧಿ ಹೆಚ್ಚಿಸಿ, ಹೊಸ ಹಾಳೆ ಬರೆಯಿರಿ. ಆ ದಿನಗಳಲ್ಲಿ ದೊಡ್ಡ ಖರ್ಚು ಏನಾದರೂ ಮಾಡಲೇಬೇಕಾಗಿ ಬಂದರೆ ಅದನ್ನೂ ನೀವೇ ಮೊದಲು ಹೇಳಿ. ನಿಮ್ಮ ಹೊಸ ಫೋನಿನ ಫೋಟೋ ಅವರು ಬೇರೆಯವರ ಹತ್ತಿರ ನೋಡುವಂತಾಗಬಾರದು.

ಕೊನೆಯ ಕಂತು ಕಟ್ಟಿದ ದಿನ 'ಲೆಕ್ಕ ಚುಕ್ತಾ' ಅಂತ ಅವರಿಂದ ಒಂದು ಸಾಲು ಬರೆಸಿಕೊಳ್ಳಿ, ಎರಡೂ ಹಾಳೆಗಳ ಮೇಲೆ.