‘ಸಬ್‌ಲೂನರಿ’: ಚಂದ್ರನ ಕೆಳಗಿನ ಈ ಪದವನ್ನು ಬಳಸುವುದು ಹೇಗೆ?

ಇಂಗ್ಲಿಷಿನ ಹಳೆಯ ಪದ್ಯ ಓದುವಾಗ ‘ಸಬ್‌ಲೂನರಿ’ ಎಂಬ ಪದ ಸಿಕ್ಕಿ ನಿಘಂಟು ತೆರೆದರೆ ‘ಐಹಿಕ, ಲೌಕಿಕ’ ಎಂಬ ಅರ್ಥ ಕಾಣುತ್ತದೆ. ಅದು ಅರ್ಧ ಅರ್ಥ ಮಾತ್ರ. ಮಣ್ಣು, ಭೂಮಿ, ಲೋಕ ಯಾವುದೂ ಈ ಪದದೊಳಗಿಲ್ಲ, ಇರುವುದು ಚಂದ್ರ. ಅವನು ಅಲ್ಲಿಗೇಕೆ ಬಂದ ಎಂದು ತಿಳಿದುಕೊಂಡರೆ ಬಳಕೆ ತಾನಾಗಿ ಹದಕ್ಕೆ ಬರುತ್ತದೆ.

ಮೊದಲು ಪದವನ್ನು ಬಿಡಿಸಿ. ಲ್ಯಾಟಿನ್ನಿನಲ್ಲಿ ‘ಸಬ್’ ಎಂದರೆ ಕೆಳಗೆ, ‘ಲೂನಾ’ ಎಂದರೆ ಚಂದ್ರ. ಉಚ್ಚರಿಸುವಾಗ ಒತ್ತು ‘ಲೂ’ ಮೇಲೆ ಬೀಳಲಿ. ಇದು ಗುಣವಾಚಕ, ಸಾಮಾನ್ಯವಾಗಿ ನಾಮಪದಕ್ಕೆ ಮೊದಲೇ ಕೂರುತ್ತದೆ.

ಆಮೇಲೆ ಇದು ಹುಟ್ಟಿದ ಜಗತ್ತಿನ ನಕ್ಷೆಯನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ಅರಿಸ್ಟಾಟಲನ ವಿಶ್ವದಲ್ಲಿ ನಡುವೆ ಭೂಮಿ, ಸುತ್ತ ಗೋಳದೊಳಗೆ ಗೋಳ. ಚಂದ್ರನ ಗೋಳವೇ ಗಡಿ. ಅದರ ಕೆಳಗೆ ಮಣ್ಣು, ನೀರು, ಗಾಳಿ, ಬೆಂಕಿ. ಇಲ್ಲಿ ಎಲ್ಲವೂ ಹುಟ್ಟುತ್ತದೆ, ಕೆಡುತ್ತದೆ, ಒಂದು ಇನ್ನೊಂದಾಗುತ್ತದೆ. ಗಡಿಯ ಮೇಲೆ ಐದನೆಯ ಧಾತು, ಅದಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಧೂಮಕೇತುಗಳು ಬಂದು ಹೋಗುತ್ತವಲ್ಲ, ಹಾಗಾಗಿ ಅವನ್ನೂ ಚಂದ್ರನ ಕೆಳಗೇ ಇಟ್ಟಿದ್ದರು. 1577ರ ಧೂಮಕೇತು ಚಂದ್ರನಿಗಿಂತ ಬಹಳ ದೂರದಲ್ಲಿದೆ ಎಂದು ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆ ಅಳತೆಯಿಂದ ತೋರಿಸಿದಾಗ ಆ ಗಡಿ ಬಿರುಕು ಬಿಟ್ಟಿತು. ಪದ ಮಾತ್ರ ಉಳಿಯಿತು, ತನ್ನ ಹಳೆಯ ಭಾರವನ್ನು ಹೊತ್ತುಕೊಂಡೇ: ಇಲ್ಲಿಯದು, ಆದ್ದರಿಂದ ನಿಲ್ಲದ್ದು.

ಇಂಗ್ಲಿಷ್ ಕವಿ ಜಾನ್ ಡನ್‌ನ ಒಂದು ಪದ್ಯ ಇದಕ್ಕೆ ಒಳ್ಳೆಯ ಅಳತೆಗೋಲು. ಅವನು ತೀರಿಕೊಂಡ ಮೇಲೆ, 1633ರಲ್ಲಿ ಅಚ್ಚಾದ ಆ ಪದ್ಯದಲ್ಲಿ, ಕಣ್ಣೆದುರು ಇಲ್ಲದಿದ್ದರೆ ಬಾಡಿಹೋಗುವ ಪ್ರೀತಿಯವರಿಗೆ ಈ ವಿಶೇಷಣ ಸಿಕ್ಕಿದೆ. ಅಗಲಿಕೆಯನ್ನು ತಾಳುವ ಪ್ರೀತಿಗೆ ಸಿಕ್ಕಿಲ್ಲ. ‘ಭೂಮಿಯ ಮೇಲಿನ’ ಎಂದಷ್ಟೇ ಅರ್ಥವಾಗಿದ್ದರೆ ಇಬ್ಬರಿಗೂ ಸಲ್ಲಬೇಕಿತ್ತು.

ಬಳಸುವ ಮುನ್ನ ಒಂದು ಪರೀಕ್ಷೆ

ವಾಕ್ಯದಲ್ಲಿ ಈ ಪದದ ಜಾಗಕ್ಕೆ ‘ಚಂದ್ರನ ಕೆಳಗಿರುವ, ಹಾಗಾಗಿ ಬದಲಾಗುವ’ ಎಂದು ಹಾಕಿ ಓದಿ. ಮಾತು ನಿಂತರೆ ಪದವನ್ನು ಇಡಿ. ಅಧಿಕಾರ, ಕೀರ್ತಿ, ಸುಖ, ಆಸೆ, ವ್ಯವಹಾರ ಇವುಗಳ ಪಕ್ಕದಲ್ಲಿ ಅದು ಸಲೀಸಾಗಿ ಕೂರುತ್ತದೆ. ನೆಲದ ಮೇಲೆ ಬದುಕುವ ಪ್ರಾಣಿಗೆ ‘ಟೆರೆಸ್ಟ್ರಿಯಲ್’ ಬೇಕು, ಮಣ್ಣಿನ ವಾಸನೆಗೆ ‘ಅರ್ಥಿ’ (earthy). ‘ಮಂಡೇನ್’ ಕೂಡ ಲೋಕ ಎಂಬ ಮೂಲದಿಂದಲೇ ಬಂದದ್ದು, ಆದರೆ ಈಗ ಅದಕ್ಕೆ ನೀರಸ, ದಿನನಿತ್ಯದ ಎಂಬ ಅರ್ಥವೇ ಮುಂದೆ. ಬೆಳದಿಂಗಳಲ್ಲಿ ಅಡ್ಡಾಡುವುದನ್ನು ‘ಸಬ್‌ಲೂನರಿ ವಾಕ್’ ಎಂದರೆ ಪೂರಾ ತಪ್ಪು; ಈ ಪದದಲ್ಲಿ ಬೆಳಕಿನ ಮಾತೇ ಇಲ್ಲ. ಕೊನೆಯ ಅಕ್ಷರ ಬಿಟ್ಟು ‘ಸಬ್‌ಲೂನರ್’ ಎಂದಾಗಲೂ ಎಚ್ಚರ ಬೇಕು. ಖಗೋಳದವರ ‘ಸಬ್‌ಲೂನರ್ ಪಾಯಿಂಟ್’ ಎಂದರೆ ಆ ಗಳಿಗೆಯಲ್ಲಿ ಚಂದ್ರ ನೆತ್ತಿಯ ನೇರಕ್ಕಿರುವ ಜಾಗ.

ಕನ್ನಡಕ್ಕೆ ತರುವಾಗ

ಕಷ್ಟವಿರುವುದು ಇಲ್ಲಿ. ‘ಆಲ್ ಸಬ್‌ಲೂನರಿ ಜಾಯ್ಸ್ ಆರ್ ಬ್ರೀಫ್’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ‘ಚಂದ್ರನ ಕೆಳಗಿನ ಸಂತೋಷ’ ಎಂದರೆ ನಮ್ಮ ಓದುಗನಿಗೆ ಹುಣ್ಣಿಮೆಯ ಊಟ ನೆನಪಾಗುತ್ತದೆ. ‘ಪಾರ್ಥಿವ’ ಎಂಬುದು ಪೃಥ್ವಿಯಿಂದ ಬಂದ ಸರಿಯಾದ ಪದವೇ, ಆದರೆ ಪತ್ರಿಕೆ ಓದುವವರಿಗೆ ಅದು ‘ಪಾರ್ಥಿವ ಶರೀರ’ವಾಗಿ, ಅಂತಿಮ ದರ್ಶನದ ಜೊತೆಗೇ ಬರುತ್ತದೆ. ‘ಭೌಮ’ ಎಂದರೆ ಪಂಚಾಂಗ ನೋಡುವವರು ಮಂಗಳವಾರಕ್ಕೆ ಹೋಗುತ್ತಾರೆ. ‘ಲೌಕಿಕ’ ಗಟ್ಟಿ ಪದ. ಪಂಪ ತನ್ನ ಭಾರತದಲ್ಲಿ ಲೌಕಿಕವನ್ನೂ ಆದಿಪುರಾಣದಲ್ಲಿ ಜಿನಾಗಮವನ್ನೂ ಬೆಳಗುವುದಾಗಿ ಹೇಳಿದಾಗ ಅದಕ್ಕೆ ಎಷ್ಟು ಗೌರವವಿತ್ತು! ಆದರೆ ಲೌಕಿಕದಲ್ಲಿ ವ್ಯವಹಾರದ ಬಣ್ಣ ಹೆಚ್ಚು, ಅಳಿದುಹೋಗುವ ಭಾವ ಕಡಿಮೆ. ‘ಇಹ’ ಬಳಸಿದರೆ ಎದುರಿಗೆ ‘ಪರ’ ತಾನಾಗಿ ಬಂದು ನಿಲ್ಲುತ್ತದೆ, ಗಡಿಯೂ ಸಿಗುತ್ತದೆ. ‘ಇಹದ ಸುಖವೆಲ್ಲ ನಾಲ್ಕು ದಿನದ್ದು’ ಎಂದರೆ ಆ ಇಂಗ್ಲಿಷ್ ವಾಕ್ಯ ಬಹುಮಟ್ಟಿಗೆ ಬಂದ ಹಾಗೆ.

ಚಂದ್ರನನ್ನು ಉಳಿಸಿಕೊಳ್ಳಲೇಬೇಕು ಎನ್ನುವವರಿಗೆ ನಮ್ಮ ಶಾಸನಗಳಲ್ಲಿ ಒಂದು ಎಳೆ ಇದೆ. ದಾನ ಕೊಟ್ಟವರು ಅದು ‘ಆಚಂದ್ರಾರ್ಕ’, ಅಂದರೆ ಸೂರ್ಯ ಚಂದ್ರರಿರುವವರೆಗೂ ನಡೆಯಲಿ ಎಂದು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅಲ್ಲಿಯೂ ಚಂದ್ರ ಅಳಿಯದ್ದಕ್ಕೇ ಗುರುತು. ಆದ್ದರಿಂದ ಪದ್ಯದ ಅನುವಾದದಲ್ಲಿ ‘ಚಂದ್ರನಷ್ಟು ಬಾಳದ’ ಎಂದು ಬಿಡಿಸಿ ಬರೆದರೂ ನಡೆಯುತ್ತದೆ. ಗದ್ಯದಲ್ಲಿ ಅದು ಉದ್ದವಾಗುತ್ತದೆ, ಅಲ್ಲಿ ‘ಇಹದ’ ಸಾಕು.