ಮನೆಯ ಪ್ಲಾನಿಗೆ ಮೊದಲು ಕಟ್ಟಬಾರದ ಜಾಗದ ನಕ್ಷೆ

ಹಳ್ಳಿಗಾಡಿನ ವಸತಿ ಜಮೀನಿಗೆ ಪರಿಸರ ರಕ್ಷಣೆಯ ನಿಯಮವೂ ಸೇರಿಕೊಂಡಿದ್ದರೆ ನಾನು ಮನೆಯ ಪ್ಲಾನಿಗೆ ಕೈ ಹಾಕುವುದು ಕೊನೆಗೆ. ಎಲ್ಲೆಲ್ಲಿ ಕಟ್ಟುವಂತಿಲ್ಲವೋ ಅಲ್ಲೆಲ್ಲ ಮೊದಲು ಬಣ್ಣ ಬಳಿಯುತ್ತೇನೆ. ಬಿಳಿಯಾಗಿ ಉಳಿದದ್ದೇ ಮನೆಯ ಜಾಗ.

ಭೂಬಳಕೆಯ ನಕ್ಷೆಯಲ್ಲಿ ನಿಮ್ಮ ಜಮೀನಿಗೆ ಕೊಟ್ಟ ವಲಯದ ಹೆಸರು ಓದಿ ಸಮಾಧಾನಪಡಬೇಡಿ. ಮೂಲ ವಲಯ ಮನೆಗೆ ಒಪ್ಪಿದರೂ ಪ್ರವಾಹ, ಇಳಿಜಾರು, ಕಾಡು, ಜಲಮೂಲ ಎಂದು ಅದರ ಮೇಲೆ ಹೊದಿಸಿದ ಪದರಗಳು ಒಪ್ಪದಿರಬಹುದು. ಎರಡು ನಿಯಮಗಳಿಗೆ ತಾಳೆಯಾಗದಿದ್ದಾಗ ಬಿಗಿಯಾದದ್ದನ್ನೇ ಹಿಡಿದು ಲೆಕ್ಕ ಹಾಕುತ್ತೇನೆ. 1:25,000 ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಎಂದರೆ ನೆಲದಲ್ಲಿ 12.5 ಮೀಟರ್. ಗೆರೆ ನಿಮ್ಮ ಜಮೀನಿನ ಮೇಲೇ ಹಾದಿದ್ದರೆ ಗಡಿ ಎಲ್ಲಿ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಹೆಚ್ಚು ಜನ ಎಡವುವುದು ಹಳ್ಳದ ಅಂತರದಲ್ಲಿ. ಟೇಪನ್ನು ನೀರಿನ ಅಂಚಿಗೆ ಹಿಡಿಯುತ್ತಾರೆ. ಬಹಳಷ್ಟು ನಿಯಮಗಳು ಕೇಳುವುದು ದಂಡೆಯ ಮೇಲಂಚಿನಿಂದ. ಉದಾಹರಣೆಗೆ 40 × 100 ಮೀಟರ್ ಜಮೀನು, ಹಿಂಬದಿಯ ಗಡಿಗೆ ಹಳ್ಳ. ರಸ್ತೆ ಕಡೆ 10, ಎರಡೂ ಪಕ್ಕ 5, ಹಳ್ಳದಿಂದ 30 ಮೀಟರ್ ಬಿಡಬೇಕು ಎಂದಿಟ್ಟುಕೊಳ್ಳಿ. ಗಡಿಯಿಂದ ಅಳೆದರೆ 30 × 60, ಅಂದರೆ 1,800 ಚದರ ಮೀಟರ್ ಉಳಿಯುತ್ತದೆ. ದಂಡೆಯ ಮೇಲಂಚು 6 ಮೀಟರ್ ಒಳಗಿದ್ದರೆ 1,620. ಟೇಪನ್ನು ಇಳಿಜಾರಿನ ಮೇಲೆ ಹಾಸಬಾರದು, ಮಟ್ಟವಾಗಿ ಎಳೆದು ಹಿಡಿಯಬೇಕು. ಹಾಸಿದರೆ ದೂರ ಹೆಚ್ಚು ತೋರುತ್ತದೆ, ಗೂಟ ಬಫರ್‌ನೊಳಗೇ, ಅಂದರೆ ಹಳ್ಳಕ್ಕೆ ಬಿಡಬೇಕಾದ ಜಾಗದೊಳಗೇ ಬೀಳುತ್ತದೆ.

ಇಳಿಜಾರಿಗೆ ನೀರು ತುಂಬಿದ ಲೆವೆಲ್ ಪೈಪ್ ಸಾಕು. 10 ಮೀಟರಿಗೆ ಒಂದೂವರೆ ಮೀಟರ್ ಇಳಿದರೆ ಶೇ. 15. ಅದು ಡಿಗ್ರಿಯಲ್ಲಿ ಬರೀ ಎಂಟೂವರೆ. ನಿಯಮದಲ್ಲಿರುವುದು ಶೇಕಡವೋ ಡಿಗ್ರಿಯೋ ನೋಡಿಕೊಳ್ಳಿ. 15 ಡಿಗ್ರಿ ಎಂದರೆ ಶೇ. 27ರ ಹತ್ತಿರ.

ನೀರಿಂಗದ ಹೊದಿಕೆಗೂ, ಅಂದರೆ ಮಳೆನೀರು ಮಣ್ಣಿಗಿಳಿಯದಂತೆ ನೆಲ ಮುಚ್ಚುವ ಕಟ್ಟಡ, ಕಲ್ಲುಹಾಸು, ಕಾಂಕ್ರೀಟಿಗೂ ಮಿತಿಯಿರುತ್ತದೆ. ಇದೇ 4,000 ಚದರ ಮೀಟರಿಗೆ ಶೇ. 10 ಎಂದರೆ 400. ಮನೆ 180, ಕಲ್ಲುಹಾಸಿನ ಅಂಗಳ 60. ಎಲ್ಲ ಸರಿ ಅನ್ನುವಷ್ಟರಲ್ಲಿ ಮೂರೂವರೆ ಮೀಟರ್ ಅಗಲದ 60 ಮೀಟರ್ ಕಾಂಕ್ರೀಟ್ ದಾರಿ 210 ನುಂಗಿ, ಮೊತ್ತ 450 ಆಗುತ್ತದೆ. ಮನೆಯನ್ನು ರಸ್ತೆಯತ್ತ ತಂದು ದಾರಿಯನ್ನು 25 ಮೀಟರಿಗೆ ಇಳಿಸಿದರೆ 328ರೊಳಗೆ ಮುಗಿಯುತ್ತದೆ. ಜಲ್ಲಿ ಹಾಕಿದರೆ ಲೆಕ್ಕಕ್ಕೆ ಬಾರದು ಎಂದು ನಂಬಬೇಡಿ. ರೋಲರ್ ಹೊಡೆದ ಜಲ್ಲಿಯನ್ನೂ ಎಷ್ಟೋ ಕಡೆ ಗಟ್ಟಿ ನೆಲವೆಂದೇ ಎಣಿಸುತ್ತಾರೆ.

ಇನ್ನು ಮಲಿನ ನೀರು. ನನ್ನ ಮಟ್ಟಿಗೆ ಮನೆ ಎಲ್ಲಿ ಎಂಬುದನ್ನು ತೀರ್ಮಾನಿಸುವುದೇ ಇದು. ಇಂಗಿಸುವ ಜಾಗದಲ್ಲಿ 30 ಸೆಂಟಿಮೀಟರ್ ಅಗಲದ ಗುಂಡಿ ತೋಡಿ, ಗೋಡೆಯನ್ನು ಕೆರೆದು ಒರಟು ಮಾಡಿ (ಗುದ್ದಲಿ ನಯವಾಗಿ ಸವರಿದ ಜೇಡಿ ನೀರು ಕುಡಿಯುವುದಿಲ್ಲ), ರಾತ್ರಿಯಿಡೀ ನೆನೆಸಿ. ಮರುದಿನ 15 ಸೆಂಟಿಮೀಟರ್ ನೀರು ಹಾಕಿ ಅರ್ಧ ಗಂಟೆಗೊಮ್ಮೆ ಅಳೆಯಿರಿ. ಇಳಿತ ಒಂದೇ ಸಮವಾಗುವವರೆಗೆ ಮತ್ತೆ ಮತ್ತೆ. ಅರ್ಧ ಗಂಟೆಗೆ 5 ಸೆಂಟಿಮೀಟರ್ ಇಳಿದರೆ, ಸೆಂಟಿಮೀಟರಿಗೆ 6 ನಿಮಿಷ. ತೀರಾ ಬೇಗ ಇಂಗಿದರೆ ಕೊಳಕು ಸೋಸದೆಯೇ ಅಂತರ್ಜಲ ಸೇರುತ್ತದೆ, ತೀರಾ ನಿಧಾನವಾದರೆ ಮೇಲಕ್ಕೆ ಉಕ್ಕುತ್ತದೆ. ನೆನೆಸದೆ ಬೇಸಿಗೆಯಲ್ಲಿ ಮಾಡಿದ ಪರೀಕ್ಷೆ ಯಾವ ಮಣ್ಣನ್ನೂ ಒಳ್ಳೆಯದೆಂದೇ ತೋರಿಸುತ್ತದೆ. ಹಾಗಾಗಿ ಪಕ್ಕದಲ್ಲಿ ಒಂದೂವರೆ ಮೀಟರಿನಷ್ಟು ಆಳದ ಇನ್ನೊಂದು ಗುಂಡಿ ತೆಗೆಸುತ್ತೇನೆ. ಅದರ ಗೋಡೆಯಲ್ಲಿ ಬೂದು ಮಣ್ಣಿನ ನಡುವೆ ತುಕ್ಕಿನ ಬಣ್ಣದ ಮಚ್ಚೆ ಕಂಡರೆ, ಮಳೆಗಾಲದ ನೀರು ಅಲ್ಲಿಯವರೆಗೆ ಏರುತ್ತದೆ ಎಂದು ತಿಳಿಯುತ್ತೇನೆ, ಗುಂಡಿ ಈಗ ಒಣಗಿದ್ದರೂ. ಇಂಗು ಜಾಗ ಒಂದು ದಿನ ಕಟ್ಟಿಕೊಳ್ಳುತ್ತದೆ. ಅಷ್ಟೇ ದೊಡ್ಡ ಬದಲಿ ಜಾಗವನ್ನೂ ನಕ್ಷೆಯಲ್ಲಿ ಖಾಲಿ ಬಿಡಿ.

ಉಳಿಸಬೇಕಾದ ಮರದ ಸುತ್ತಳತೆಯನ್ನು ನೆಲದಿಂದ 1.4 ಮೀಟರ್ ಎತ್ತರದಲ್ಲಿ ತೆಗೆದು 3.14ರಿಂದ ಭಾಗಿಸಿ, ಬಂದ ವ್ಯಾಸದ 12 ಪಟ್ಟು ದೂರವನ್ನು ಬೇರಿಗೆಂದು ಬಿಡುವುದು ಬಳಕೆಯಲ್ಲಿರುವ ಲೆಕ್ಕ. ಸುತ್ತಳತೆ 157 ಸೆಂಟಿಮೀಟರ್ ಇದ್ದರೆ ಸುತ್ತಲೂ 6 ಮೀಟರ್. ಆ ವೃತ್ತದಲ್ಲಿ ಪೈಪಿನ ಕಾಲುವೆಯೂ ಬೇಡ, ಅಗೆದ ಮಣ್ಣಿನ ರಾಶಿಯೂ ಬೇಡ. ಬೇರಿಗೆ ಗಾಳಿ ನಿಂತ ಮರ ತಕ್ಷಣ ಒಣಗುವುದಿಲ್ಲ, ಒಂದೆರಡು ವರ್ಷ ಬಿಟ್ಟು ಒಣಗುತ್ತದೆ.

ಇಷ್ಟಾದ ಮೇಲೆ ಗೂಟ ನೆಟ್ಟು ಹಗ್ಗ ಕಟ್ಟಿಸುತ್ತೇನೆ. ಜೆಸಿಬಿ ಬರುವ ಬೆಳಿಗ್ಗೆ ಚಾಲಕನನ್ನು ಆ ಹಗ್ಗದ ಗುಂಟ ಒಂದು ಸುತ್ತು ನಡೆಸಿದ ಮೇಲೆಯೇ ಯಂತ್ರ ಶುರು.