ಓಕ್ ಬೀಜ ಒಣಗುವ ಮೊದಲು: ಕುಮಾವೂನ್ ನರ್ಸರಿಯಲ್ಲಿ ನನ್ನ ಅನುಭವ

ಮಲೆನಾಡಿನಿಂದ ಉತ್ತರಾಖಂಡದ ಬೆಟ್ಟಸೀಮೆ ಕುಮಾವೂನಿಗೆ ಬಂದು, ಊರ ಕಾಡು ನೋಡಿಕೊಳ್ಳುವ ವನ ಪಂಚಾಯತಿಯವರ ಜೊತೆ ಓಕ್ ಸಸಿ ಬೆಳೆಸುವ ಕೆಲಸಕ್ಕೆ ಇಳಿದಾಗ ನನ್ನ ನೆರವಿಗೆ ಬಂದದ್ದು ಹಲಸಿನ ಬೀಜದ ತಿಳಿವಳಿಕೆ. ಹಲಸಿನ ಬೀಜ ಒಣಗಿಸಿಟ್ಟು ಮುಂದಿನ ವರ್ಷ ಬಿತ್ತಿದರೆ ಹುಟ್ಟುವುದಿಲ್ಲ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಓಕ್ ಬೀಜದ್ದೂ ಅದೇ ಸ್ವಭಾವ. ಭತ್ತ, ರಾಗಿ ಒಣಗಿಯೂ ಜೀವ ಹಿಡಿದಿರುತ್ತವೆ. ಓಕ್ ಬೀಜ ಮರದಿಂದ ಉದುರುವಾಗಲೂ ಒಳಗೆ ನೀರು ತುಂಬಿಕೊಂಡಿರುತ್ತದೆ, ಆ ನೀರು ಆರಿತೋ ಸತ್ತಂತೆಯೇ. ಬಿಸಿಯಾಗುತ್ತಿರುವ ಹವೆ ಈ ಮರಕ್ಕೆ ಪೆಟ್ಟು ಕೊಡುವುದು ಇಲ್ಲೇ.

ಇಲ್ಲಿ 1200ರಿಂದ 2300 ಮೀಟರ್ ಎತ್ತರದ ಆಸುಪಾಸಿನಲ್ಲಿ ಬೆಳೆಯುವ ಓಕ್ ಬಾಂಜ್. ಇದರ ಕಾಯಿ ಉದುರುವುದು ಚಳಿಗಾಲದಲ್ಲಿ. ಪಶ್ಚಿಮದ ಮಾರುತಗಳು ತರುವ ಚಳಿಗಾಲದ ಮಳೆ, ಹಿಮ ಎರಡೂ ನೆಲದ ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಒದ್ದೆಯಾಗಿಟ್ಟರೆ ಕಾಯಿ ಬದುಕಿತು. ಹಿಮ ಬೀಳದೆ ಜನವರಿಯ ಬಿಸಿಲು ಚುರುಕಾದ ವರ್ಷ, ಬಯಲಿನಲ್ಲಿ ಬಿದ್ದ ಕಾಯಿಯ ಸಿಪ್ಪೆ ಬೇಗ ಬಿರಿಯುತ್ತದೆ, ಒಳಗಿನ ತಿರುಳು ಕುಗ್ಗಿರುತ್ತದೆ.

ಬಿಸಿ ಹೆಚ್ಚಾದರೆ ಮೊಳಕೆ ಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ನಾನು ಕಂಡದ್ದು ಹಾಗಲ್ಲ. ತೇವ ಇದ್ದರೆ ಬೆಚ್ಚಗಿನ ಫೆಬ್ರವರಿಯಲ್ಲಿ ಮೊಳಕೆ ಬೇಗನೇ ಬರುತ್ತದೆ. ಓಕ್ ಮೊದಲು ಬೇರು ಬಿಡುತ್ತದೆ, ಚಿಗುರು ಬರುವುದು ಬಹಳ ತಡವಾಗಿ. ಆ ಬೇರು ಆಳಕ್ಕೆ ಇಳಿಯುವಷ್ಟರಲ್ಲಿ ಮೇಲ್ಮಣ್ಣು ಆರಿದರೆ, ಮುಂದೆ ಏಪ್ರಿಲ್, ಮೇ ತಿಂಗಳ ಒಣಹವೆಯನ್ನು ಅದು ದಾಟುವುದಿಲ್ಲ. ಆದ್ದರಿಂದ ಮಾರ್ಚ್‌ನಲ್ಲಿ ಮೊಳಕೆ ಎಣಿಸಿದರೆ ಸಾಲದು, ಜುಲೈಯಲ್ಲಿ ಎಷ್ಟು ಸಸಿ ಉಳಿದಿವೆ ಎಂದು ಮತ್ತೆ ಹೋಗಿ ನೋಡಬೇಕು.

ನರ್ಸರಿಯಲ್ಲಿ ನಮ್ಮ ಪ್ರಯತ್ನವೆಲ್ಲ ಉದುರುವುದಕ್ಕೂ ಬಿತ್ತುವುದಕ್ಕೂ ನಡುವಿನ ಅಂತರ ಕಡಿಮೆ ಮಾಡುವುದು. ಮೊದಲು ಬೀಳುವ ಕಾಯಿಗಳಲ್ಲಿ ಮೂತಿಹುಳು ಕೊರೆದವೇ ಹೆಚ್ಚು, ಅವನ್ನು ಬಿಡುತ್ತೇವೆ. ಆಮೇಲೆ ಬಿದ್ದವನ್ನು ಆದಷ್ಟು ಬೇಗ, ಲಂಗೂರ್ ಮತ್ತು ಹಕ್ಕಿಗಳು ಮುಗಿಸುವ ಮೊದಲೇ ಆಯಬೇಕು. ಹುಲ್ಲಿಗೆ ಹೋಗುವ ಹೆಂಗಸರಿಗೆ ಯಾವ ಮರ ಯಾವಾಗ ಉದುರುತ್ತದೆ ಎಂಬುದು ಗೊತ್ತು, "ದೀದಿ, ಈ ಸಲ ಯಾವ ಕಡೆ?" ಎಂದು ಕೇಳಿಯೇ ನಾನು ಹೊರಡುವುದು. ತಂದ ಕಾಯಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನಷ್ಟೇ ಬಿತ್ತುತ್ತೇವೆ. ಅಂದೇ ಬಿತ್ತಲಾಗದಿದ್ದರೆ ಒದ್ದೆ ಗೋಣಿಚೀಲದಲ್ಲಿ ನೆರಳಿಗೆ ಇಡುತ್ತೇವೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸಲು ಹಿಡಿಯುತ್ತದೆ.

ಕಾಯಿಯನ್ನು ಅಡ್ಡಲಾಗಿ ಮಲಗಿಸಿ, ಅದರ ದಪ್ಪದಷ್ಟೇ ಮಣ್ಣು ಮುಚ್ಚಿ, ಮೇಲೆ ಬಾಂಜ್ ದರಕು ಹರಡುತ್ತೇವೆ. ಗಿಡ್ಡ ಚೀಲ ಬೇಡವೇ ಬೇಡ. ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಂಡರೆ ಆ ಸಸಿ ಗುಡ್ಡದಲ್ಲಿ ನಿಲ್ಲುವುದು ಕಷ್ಟ.

ಇನ್ನೂ ಮೇಲೆ, 2400 ಮೀಟರ್ ದಾಟಿದ ಮೇಲೆ ಖರ್ಸು ಎಂಬ ಇನ್ನೊಂದು ಜಾತಿಯ ಓಕ್ ಬರುತ್ತದೆ. ನೈನಿತಾಲಿನ ನೈನಾ ಶಿಖರದ ನೆತ್ತಿಯಲ್ಲೂ ಅದಿದೆ. ನನಗೆ ಅತಿ ಹೆಚ್ಚು ಆತಂಕ ಇರುವುದು ಈ ಮರದ ಬಗ್ಗೆ. ಇದರ ಬೀಜ ಬಲಿಯುವುದು ಜುಲೈ, ಆಗಸ್ಟ್‌ನಲ್ಲಿ, ಸರಿಯಾಗಿ ಮಳೆಯ ನಡುವೆ. ಬಿದ್ದ ಕೆಲವೇ ದಿನಕ್ಕೆ ಮೊಳೆಯುತ್ತದೆ, ಕೆಲವೊಮ್ಮೆ ಮರದಲ್ಲಿ ಇದ್ದಾಗಲೇ ಬೇರು ಇಣುಕುತ್ತದೆ. ಬೇಸಿಗೆಯ ಬಿಸಿ ಹೆಚ್ಚಿ ಬೀಜ ಮುಂಚೆಯೇ ಬಲಿತು, ಮಳೆ ಮಾತ್ರ ತನ್ನ ಹೊತ್ತಿಗೇ ಬಂದರೆ ಎರಡರ ಜೊತೆ ತಪ್ಪಿಹೋಗುತ್ತದೆ. ಕುಮಾವೂನ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಇದೇ ಆತಂಕವನ್ನು ಮುಂದಿಟ್ಟಿದ್ದಾರೆ. ಖರ್ಸು ಎಲ್ಲ ವರ್ಷವೂ ಚೆನ್ನಾಗಿ ಕಾಯಿ ಬಿಡುವುದಿಲ್ಲ. ಬಿಟ್ಟ ವರ್ಷವೇ ಕೈತಪ್ಪಿದರೆ, ಸಂಗ್ರಹಿಸಿಟ್ಟ ಬೀಜ ಎಂಬುದು ನಮ್ಮಲ್ಲಿ ಇರುವುದಿಲ್ಲ. ಹಾಗಾಗಿ ಈಗ ಜೂನ್‌ನಿಂದಲೇ ಮರ ನೋಡಲು ಹೋಗುತ್ತೇವೆ, ಬೇರು ಮೂಡಿದ ಬೀಜವನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಕೆಳಗೆ ತರುತ್ತೇವೆ.

ನೆಡುವ ಜಾಗವನ್ನೂ ಈಗ ಬೇರೆ ಕಣ್ಣಿನಿಂದ ನೋಡಬೇಕಾಗಿದೆ. 2024ರ ಏಪ್ರಿಲ್‌ನಲ್ಲಿ ನೈನಿತಾಲಿನ ಕಾಡಿಗೆ ಬೆಂಕಿ ಬಿದ್ದಾಗ ವಾಯುಪಡೆಯ ಹೆಲಿಕಾಪ್ಟರ್ ಭೀಮತಾಲ್ ಕೆರೆಯ ನೀರು ಸುರಿಯಬೇಕಾಯಿತು. ಚೀಡ್ ಪೈನ್ ಮರದ ಒಣ ಎಲೆ, ಇಲ್ಲಿನವರ ಪಿರೂಲ್, ಹಾಸಿದ್ದಲ್ಲಿ ನಾನು ಬಾಂಜ್ ನೆಡುವುದಿಲ್ಲ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ, ಮಳೆ ಹಿಡಿದ ಮೇಲೆ, ಕಿಲ್ಮೋಡಾ ಮುಳ್ಳುಪೊದೆಗಳ ಬುಡದಲ್ಲಿ ನೆಡುತ್ತೇನೆ: ಪೊದೆ ಬೇಸಿಗೆಯಲ್ಲಿ ನೆರಳು ಕೊಡುತ್ತದೆ, ಮೇಕೆಯ ಬಾಯಿಯನ್ನೂ ತಡೆಯುತ್ತದೆ.